ಭಾನುವಾರದ ಮಳೆ

ಎಂಟು ಗಂಟೆಗೆ ಇನ್ನೂ ಎರಡು ನಿಮಿಷ ಇರುವಾಗಲೇ ಧರ್ಮಪಾಲ ಮಳೆ ಅಳೆಯುವ ರೈನ್‌ಗೇಜಿನ ಎದುರು ಮೊಣಕಾಲೂರಿ ಕೂತ. ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದ ಮೂವತ್ತು ವರ್ಷಗಳಲ್ಲಿ ಹೊತ್ತಿಗೆ ಮುಂಚೆ ಬಂದದ್ದು ಇದೇ ಮೊದಲಿರಬೇಕು. ಆ ಎರಡು ನಿಮಿಷವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಗಡಿಯಾರ ನೋಡಿದ. ಕಟ್ಟೆಯ ಮೇಲೆ ಬಿದ್ದಿದ್ದ ಎಲೆಯೊಂದನ್ನು ತೆಗೆದು, ತೆಗೆದದ್ದು ತಪ್ಪೇನೋ ಅನ್ನಿಸಿ ಮತ್ತೆ ಅಲ್ಲೇ ಇಟ್ಟ. ಸರಿಯಾಗಿ ಎಂಟಕ್ಕೆ ತಾಮ್ರದ ಡಬ್ಬಿ ತೆರೆದು, ಒಳಗಿನ ಬಾಟಲಿಯ ನೀರನ್ನು ಅಳತೆಯ ಗ್ಲಾಸಿಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದ. ಅರವತ್ತೆಂಟು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಏಪ್ರಿಲಿನಲ್ಲಿ ಇಷ್ಟು ಬಿದ್ದರೆ ಕೊಡಗಿನಲ್ಲಿ ಯಾವ ತೋಟದವರೂ ದೂರು ಹೇಳುವ ಹಾಗಿಲ್ಲ. ಆದರೆ ಇವತ್ತು ಸೋಮವಾರ. ಬಾಟಲಿಯಲ್ಲಿದ್ದದ್ದು ಎರಡು ದಿನದ ನೀರು. ಶನಿವಾರ ರಾತ್ರಿ ಬಿದ್ದದ್ದು ಎಷ್ಟು, ನಿನ್ನೆ ಸಂಜೆ ಬಿದ್ದದ್ದು ಎಷ್ಟು, ಗ್ಲಾಸಿನೊಳಗೆ ಅವು ಬೆರೆತು ಯಾವ ಜಗಳವೂ ಇಲ್ಲದೆ ನಿಂತಿದ್ದವು. ಬೇರೆ ಸೋಮವಾರಗಳಲ್ಲಾದರೆ ಕೈ ತಾನಾಗಿಯೇ ಬರೆದುಬಿಡುತ್ತಿತ್ತು: ಭಾನುವಾರ ಹದಿನಾಲ್ಕು, ಸೋಮವಾರ ಐವತ್ನಾಲ್ಕು. ಭಾನುವಾರಕ್ಕೆ ಸ್ವಲ್ಪ, ಸೋಮವಾರಕ್ಕೆ ಜಾಸ್ತಿ. ಯಾಕೆ ಹಾಗೆ ಎಂದು ಅವನು ಕೈಯನ್ನು ಒಂದು ದಿನವೂ ಕೇಳಿರಲಿಲ್ಲ. ಈಗ ಅಮೆರಿಕದಲ್ಲೊಬ್ಬರು ಕೇಳುತ್ತಿದ್ದರು.

ಸಂಜೆ ಐದು ಗಂಟೆಗೆ ಅವರು ತೋಟದ ಸಾವ್ಕಾರ್ರ ಬಂಗಲೆಯ ಕಂಪ್ಯೂಟರಿನಲ್ಲಿ ಕಾಣಿಸಿಕೊಳ್ಳುವವರಿದ್ದರು. ಮಗಳು ರಶ್ಮಿತಾ ಪೊನ್ನಂಪೇಟೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಒಂದು ವರ್ಷ ಮಡಿಕೇರಿಯ ಕಂಟ್ರಾಕ್ಟರೊಬ್ಬರ ಹತ್ತಿರ ತಡೆಗೋಡೆಗಳ ಅಳತೆ ಬರೆದು, ಮಳೆ-ನೀರಿನ ಎಂಜಿನಿಯರಿಂಗ್ ಓದಲಿಕ್ಕೆಂದು ಅಮೆರಿಕದ ಒಂಬತ್ತು ಯೂನಿವರ್ಸಿಟಿಗಳಿಗೆ ಅರ್ಜಿ ಹಾಕಿದ್ದಳು. ಮೂರು ಕಡೆ ಸೀಟು ಸಿಕ್ಕಿತ್ತು. ಏಪ್ರಿಲ್ ಹದಿನೈದರೊಳಗೆ ಒಂದನ್ನು ಒಪ್ಪಿಕೊಳ್ಳಬೇಕು, ಇವತ್ತು ಹದಿಮೂರು. ಮೂರನ್ನೂ ಅವಳು ಒಂದು ದೊಡ್ಡ ಹಾಳೆಯಲ್ಲಿ ಬರೆದು ಊಟದ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದಳು: ಫೀಸು, ರೂಮಿನ ಬಾಡಿಗೆ, ಊಟ, ಚಳಿಯ ಕೋಟು, ಇನ್ಶೂರೆನ್ಸು. ಮೊದಲನೆಯದು ಹೆಸರುವಾಸಿ; ಅದರ ಫೀಸನ್ನು ರೂಪಾಯಿಗೆ ತಿರುಗಿಸಿ ಬರೆದಾಗ ಹೆಂಡತಿ ಪದ್ಮಾಕ್ಷಿ ಸಾಂಬಾರಿನ ಸೌಟು ಹಿಡಿದೇ ಬಂದು ನೋಡಿ, "ಇದು ಯಾರ ಫೋನ್ ನಂಬರು?" ಎಂದು ಕೇಳಿದ್ದಳು. ಅದಕ್ಕೆ ಅಡ್ಡಗೆರೆ ಬಿತ್ತು. ಎರಡನೆಯದು ಟೆಕ್ಸಾಸಿನದು, ಪೊನ್ನಂಪೇಟೆಯಲ್ಲಿ ಕೊಂಡಿಟ್ಟಿದ್ದ ಸೈಟು ಮಾರಿ, ಸಾವ್ಕಾರ್ರ ಕೈಯಲ್ಲಿ ಜಾಮೀನು ಸಹಿ ಹಾಕಿಸಿ ಬ್ಯಾಂಕಿನಲ್ಲಿ ಸಾಲ ಎತ್ತಿದರೆ ಕಷ್ಟಪಟ್ಟು ಮುಟ್ಟಬಹುದು. ಮೂರನೆಯದು ದಕ್ಷಿಣ ಡಕೋಟಾದಲ್ಲಿ, ಹೆಸರು ಯಾರೂ ಕೇಳಿರದ ಒಂದು ಊರಿನದು. ಅಲ್ಲಿ ಫೀಸಿನ ಜಾಗದಲ್ಲಿ ರಶ್ಮಿತಾ ದೊಡ್ಡದಾಗಿ ಸೊನ್ನೆ ಬರೆದು ಅದರೊಳಗೆ ಎರಡು ಕಣ್ಣು, ಒಂದು ಬಾಯಿ ಬಿಡಿಸಿದ್ದಳು. ಧರ್ಮಪಾಲ ತನಗೂ ಏನಾದರೂ ಸೇರಿಸಲಿಕ್ಕಿರಲಿ ಎಂದು ಕೊನೆಯಲ್ಲಿ ಪೆನ್ಸಿಲಿನಿಂದ 'ಮಳೆ' ಎಂದು ಇನ್ನೊಂದು ಸಾಲು ಹಾಕಿ, ಮಗಳ ಫೋನಿನಲ್ಲಿ ನೋಡಿ ತುಂಬಿಸಿದ್ದ. ಡಕೋಟಾಕ್ಕೆ ವರ್ಷಕ್ಕೆ ಇಪ್ಪತ್ತನಾಲ್ಕು ಇಂಚು. ನಮ್ಮ ಒಂದು ಜುಲೈ ತಿಂಗಳ ಮಳೆಯಲ್ಲಿ ಅವರು ಇಡೀ ವರ್ಷ ಕಳೆಯುತ್ತಿದ್ದರು. ಅಂಥ ಊರಿನ ಜನ ಮಳೆಯ ವಿಷಯದಲ್ಲಿ ಸುಳ್ಳು ಹೇಳಲಾರರು, ಹೇಳಲಿಕ್ಕೆ ಅವರಿಗೆ ಅಷ್ಟು ಮಳೆಯೇ ಇಲ್ಲ ಎಂದು ಅವನಿಗೆ ಅನ್ನಿಸಿತ್ತು.

ಸೊನ್ನೆಗೆ ಕಾರಣ ಅವನೇ. ಅರ್ಜಿಯ ಜೊತೆ ಕಳಿಸುವ ಪ್ರಬಂಧದಲ್ಲಿ ರಶ್ಮಿತಾ ಅವನ ಮಳೆ ಪುಸ್ತಕಗಳ ಬಗ್ಗೆ ಬರೆದಿದ್ದಳು. ಮೂವತ್ತು ವರ್ಷ, ಮೂವತ್ತು ಪುಸ್ತಕ, ಒಂದೇ ಕೈಬರಹ. 'ನನ್ನ ತಂದೆ ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ತಪ್ಪದೆ ಆ ತಾಮ್ರದ ಡಬ್ಬಿಯ ಮುಂದೆ ಮಂಡಿಯೂರುತ್ತಾರೆ' ಎಂದು ಶುರುವಾಗುವ ಆ ಇಂಗ್ಲಿಷ್ ಪುಟವನ್ನು ಅವನು ಡಿಕ್ಷನರಿ ಇಟ್ಟುಕೊಂಡು ಓದಿದ್ದ. 'ತಪ್ಪದೆ' ಎಂಬುದಕ್ಕೆ ಅವಳು ಬಳಸಿದ ಮಾತಿಗೆ ಡಿಕ್ಷನರಿ ಬೇಕಾಗಿರಲಿಲ್ಲ, ಆದರೂ ಹುಡುಕಿದ್ದ, ಬೇರೆ ಏನಾದರೂ ಅರ್ಥ ಇದ್ದರೆ ಎಂದು. ಡಕೋಟಾದ ಪ್ರೊಫೆಸರ್ ಹಾಲ್ವರ್ಸನ್ ಎಂಬವರು ಅದನ್ನು ಓದಿ, ಪುಸ್ತಕಗಳ ಫೋಟೋ ತರಿಸಿಕೊಂಡು, ಹತ್ತು ಸಾವಿರಕ್ಕೂ ಮಿಕ್ಕ ದಿನಗಳನ್ನು ಕಂಪ್ಯೂಟರಿಗೆ ಉಣ್ಣಿಸಿ, ಒಂದು ವಿಚಿತ್ರ ಕಂಡುಹಿಡಿದಿದ್ದರು. ಪೊನ್ನಂಪೇಟೆಯಿಂದ ಕುಟ್ಟಕ್ಕೆ ಹೋಗುವ ದಾರಿಯ ಈ ತೋಟದಲ್ಲಿ ಮಳೆಗೆ ಏಳು ದಿನದ ಒಂದು ಲಯ ಇದೆ. ಭಾನುವಾರ ಕಡಿಮೆ, ಸೋಮವಾರ ಹೆಚ್ಚು, ಇಪ್ಪತ್ತಾರು ವರ್ಷದಿಂದ ಬಿಡದೆ. ಮಳೆಗೆ ವಾರ ಗೊತ್ತಿಲ್ಲ. ಗೊತ್ತಿರುವುದು ಮನುಷ್ಯರಿಗೆ ಮಾತ್ರ. ಹಾಗಾದರೆ ವಾರದ ಕೊನೆಗೆ ಕೊಡಗಿಗೆ ನುಗ್ಗುವ ಟೂರಿಸ್ಟ್ ಕಾರುಗಳ ಹೊಗೆ ಮೋಡದೊಳಗೆ ಸೇರಿ ಮಳೆಯನ್ನು ಒಂದು ದಿನ ಮುಂದಕ್ಕೆ ತಳ್ಳುತ್ತಿರಬಹುದೇ? ರಶ್ಮಿತಾ ಬಂದು ಎರಡು ವರ್ಷ ಇದನ್ನೇ ಹುಡುಕಲಿ; ಫೀಸು ಬೇಡ, ತಿಂಗಳಿಗೆ ಖರ್ಚಿಗೂ ಕೊಡುತ್ತೇವೆ. ಬೇಕಾದದ್ದು ಒಂದೇ: ಅಳತೆ ಭಾನುವಾರವೂ ಸೇರಿ ಪ್ರತಿದಿನ ಎಂಟಕ್ಕೆ ಒಬ್ಬನೇ ಮನುಷ್ಯನಿಂದ ನಡೆದಿದೆ ಎಂದು ಆ ಮನುಷ್ಯನ ಸಹಿ ಇರುವ ಒಂದು ಸಾಲು. ಆ ಸಾಲು ಪ್ರಿಂಟ್ ಆಗಿ ಧರ್ಮಪಾಲನ ಅಂಗಿಯ ಜೇಬಿನಲ್ಲಿತ್ತು. ಬಗ್ಗಿದಾಗ ಅದರ ಮಡಿಕೆ ಎದೆಗೆ ಚುಚ್ಚುತ್ತಿತ್ತು.

ಭಾನುವಾರಗಳಂದು ಅವನು ನಾಯಿ ಮೀಯಿಸುತ್ತಿದ್ದ. ಅಷ್ಟೇ ವಿಷಯ. ತೊಂಬತ್ತೊಂಬತ್ತರಲ್ಲಿ ಸಾವ್ಕಾರ್ರು ಮೂರು ನಾಯಿ ತಂದರು, ಟೈಗರ್, ರಾಣಿ, ಮೇಜರ್. ಭಾನುವಾರ ಹತ್ತಕ್ಕೆ ಅವರು ನಾಯಿಗಳನ್ನು ಜೀಪಿನ ಹಿಂದೆ ಕೂರಿಸಿಕೊಂಡು ಕ್ಲಬ್ಬಿಗೆ ಹೋಗುತ್ತಿದ್ದರು. ಹೋಗುವಾಗ ನಾಯಿಗಳು ಹೊಳೆಯುತ್ತಿರಬೇಕು. ಒಂದು ಭಾನುವಾರ ಆಳು ಬಂದಿರಲಿಲ್ಲ, "ಧರ್ಮಪಾಲ, ಸ್ವಲ್ಪ ಹಿಡಿದುಕೊ" ಎಂದರು. ಹಿಡಿದುಕೊಂಡ. ಮುಂದಿನ ಭಾನುವಾರ ಹೇಳುವುದೂ ಬೇಕಾಗಲಿಲ್ಲ. ರೈಟರ್ ಎಂದರೆ ಲೈನ್‌ಮನೆಗಳ ಕೂಲಿಯವರು ಎದ್ದು ನಿಲ್ಲುವ ಹುದ್ದೆ, ಅಂಗಿಗೆ ಪೆನ್ನು ಸಿಕ್ಕಿಸಿಕೊಳ್ಳುವ ಹುದ್ದೆ. ಬಂಗಲೆಯ ಹಿಂದಿನ ಒಗೆಯುವ ಕಲ್ಲಿನ ಹತ್ತಿರ ಆ ಪೆನ್ನನ್ನು ತೆಗೆದು ಕಿಟಕಿಯ ದಂಡೆಯ ಮೇಲಿಟ್ಟು, ಪ್ಯಾಂಟು ಮಡಚಿ, ಮೇಜರನ ಕಿವಿಯೊಳಗೆ ನೀರು ಹೋಗದಂತೆ ಅಂಗೈ ಮುಚ್ಚಿ, ಎಂಟು ಗಂಟೆ ಯಾವಾಗ ದಾಟಿತೆಂದು ತಿಳಿಯುತ್ತಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಹತ್ತೂವರೆ. ಆಮೇಲೆ ಸಂತೆ. ಡಬ್ಬಿಯ ನೀರು ಸೋಮವಾರದವರೆಗೆ ಕಾದಿರುತ್ತಿತ್ತು. ಮನೆಯಲ್ಲಿ ಅವನು ಹೇಳಿದ್ದು, "ಭಾನುವಾರ ಬಂಗಲೆಯಲ್ಲಿ ಕಾಗದ ಪತ್ರದ ಕೆಲಸ ಉಂಟು." ರಶ್ಮಿತಾ ನಾಲ್ಕನೇ ಕ್ಲಾಸಿನಲ್ಲಿ 'ನನ್ನ ತಂದೆ' ಎಂಬ ಪ್ರಬಂಧ ಬರೆದು ಬಹುಮಾನ ತಂದಾಗ ಅದರಲ್ಲಿ ಈ ಕಾಗದ ಪತ್ರ ಇತ್ತು: ಭಾನುವಾರವೂ ನನ್ನ ತಂದೆ ಸಾವ್ಕಾರ್ರ ಎದುರು ಕುರ್ಚಿಯಲ್ಲಿ ಕೂತು ಮುಖ್ಯವಾದ ಕಾಗದಗಳನ್ನು ನೋಡುತ್ತಾರೆ. ಕುರ್ಚಿಯನ್ನು ಅವಳೇ ಸೇರಿಸಿದ್ದಳು. ಅವನು ಹೇಳಿರಲಿಲ್ಲ. ಪದ್ಮಾಕ್ಷಿ ಮಾತ್ರ ಭಾನುವಾರ ಹತ್ತೂವರೆಗೆ ಬಚ್ಚಲಲ್ಲಿ ಬಿಸಿನೀರು, ಬೇರೆಯೇ ಒಂದು ಟವೆಲು ಇಡುತ್ತಿದ್ದಳು, ಯಾಕೆಂದು ಹೇಳದೆ, ಇಪ್ಪತ್ತಾರು ವರ್ಷ.

ಗ್ಲಾಸಿನ ನೀರನ್ನು ಕಾಫಿ ಗಿಡದ ಬುಡಕ್ಕೆ ಚೆಲ್ಲಿ, ಪುಸ್ತಕದಲ್ಲಿ ಏನೂ ಬರೆಯದೆ ಏಳುವಾಗ ಗೇಟಿನ ಹತ್ತಿರ ಸ್ಕೂಟರಿನ ಸದ್ದಾಯಿತು. ಪಕ್ಕದ ತೋಟದ ರೈಟರ್ ಬೊಳ್ಳಪ್ಪ. ಇಪ್ಪತ್ತು ವರ್ಷದಿಂದ ಭಾನುವಾರ ಬಿಟ್ಟು ಪ್ರತಿದಿನ ಎಂಟೂಕಾಲಕ್ಕೆ ಫೋನಿನಲ್ಲಿ "ಎಷ್ಟು ಮಾರಾಯ?" ಎಂದು ಕೇಳುವ ಮನುಷ್ಯ ಇವತ್ತು ಖುದ್ದಾಗಿ ಬಂದಿದ್ದ. ಹೆಲ್ಮೆಟ್ ತೆಗೆಯಲಿಲ್ಲ.

"ನಿನ್ನ ಮಗಳು ಮೊನ್ನೆ ನಮ್ಮ ಆಫೀಸಿಗೆ ಬಂದು ನನ್ನ ಮಳೆ ಪುಸ್ತಕದ್ದೂ ಫೋಟೋ ತೆಗೆದುಕೊಂಡು ಹೋದ್ಲು, ಗೊತ್ತುಂಟಾ?"

"ಗೊತ್ತುಂಟು. ಎರಡು ತೋಟದ್ದು ತಾಳೆ ನೋಡ್ಬೇಕಂತೆ."

"ತಾಳೆ ಆಯ್ತಾ?"

"ಆಯ್ತಂತೆ. ಭಾರೀ ಚೆನ್ನಾಗಿ ಆಯ್ತಂತೆ. ನಿನ್ನದು ಯಾವಾಗ್ಲೂ ಎರಡು ಸೆಂಟು ಜಾಸ್ತಿ, ನಿಮ್ಮ ತೋಟ ಸ್ವಲ್ಪ ಎತ್ತರದಲ್ಲಿರೋದಕ್ಕೆ ಹಾಗೆ ಅಂತ ಬರೆದಿದ್ದಾರೆ."

ಬೊಳ್ಳಪ್ಪ ಸ್ಕೂಟರಿನ ಸೀಟನ್ನು ಕೈಯಿಂದ ಒರೆಸತೊಡಗಿದ. ಅಲ್ಲಿ ಧೂಳಿರಲಿಲ್ಲ. "ಅದು ಎತ್ತರಕ್ಕಲ್ಲ. ನಿಮ್ಮ ಸಾವ್ಕಾರ್ರಿಗಿಂತ ಕಡಿಮೆ ಮಳೆ ಅಂದ್ರೆ ನಮ್ಮವರು ಆ ದಿನ ಯಾರ ಹತ್ರವೂ ಮಾತಾಡುದಿಲ್ಲ. ಅದಕ್ಕೆ ನೀನು ಫೋನಲ್ಲಿ ಹೇಳಿದ್ದಕ್ಕೆ ಎರಡು ಸೇರಿಸಿ ಬರೀತೇನೆ."

"ನೀನು ಅಳೆಯುದಿಲ್ವಾ?"

"ಎಂಥದರಲ್ಲಿ ಅಳೆಯೋದು? ನಮ್ಮ ಡಬ್ಬಿಯನ್ನು ಎರಡು ಸಾವಿರದ ಒಂಬತ್ತರಲ್ಲೇ ಆನೆ ತುಳಿದದ್ದು. ಚಪ್ಪಟೆ, ದೋಸೆಯ ಹಾಗೆ. ಹೊಸದು ಕೇಳಿದ್ರೆ ನಿನ್ನ ಕೈಯಲ್ಲಿದ್ದದ್ದು ಹೇಗೆ ಹಾಳಾಯ್ತು ಅಂತಾರೆ. ಆನೆಯನ್ನು ಸಾಕ್ಷಿಗೆ ಕರಿಲಿಕ್ಕಾಗ್ತದಾ?" ಅವನು ಹೆಲ್ಮೆಟಿನ ಗಾಜನ್ನು ಮೇಲೆತ್ತಿದ. "ನನ್ನ ಮಳೆ ಎಲ್ಲ ನಿನ್ನ ಮಳೆ ಮಾರಾಯ. ನೀನು ಸರಿಯಾಗಿ ಅಳೆದಿದ್ದರೆ ನಾನು ಬಚಾವು. ಅದನ್ನೇ ಕೇಳ್ಲಿಕ್ಕೆ ಬಂದದ್ದು. ನೀನು ಸರಿಯಾಗಿ ಅಳೆದಿದ್ದಿ ಅಲ್ವಾ?"

ಧರ್ಮಪಾಲ ಖಾಲಿ ಗ್ಲಾಸನ್ನು ಕೈಯಲ್ಲೇ ತಿರುಗಿಸಿದ. ಬೊಳ್ಳಪ್ಪ ತುಂಬಾ ಹೊತ್ತು ಅವನ ಮುಖ ನೋಡಿದ. ಆಮೇಲೆ ಗಾಜನ್ನು ಕೆಳಗಿಳಿಸಿ, ಸ್ಕೂಟರ್ ಸ್ಟಾರ್ಟ್ ಮಾಡಿ, ಹೊರಡುವ ಮುಂಚೆ ಅಭ್ಯಾಸಬಲದಿಂದ ಕೇಳಿದ: "ಆಯ್ತು, ಇವತ್ತು ಎಷ್ಟು?"

ಮಧ್ಯಾಹ್ನ ಊಟಕ್ಕೆ ಕೂತಾಗ ಗೋಡೆಯ ಮೇಲಿನ ಸೊನ್ನೆ ತನ್ನನ್ನೇ ನೋಡುತ್ತಿದೆ ಅನ್ನಿಸಿ ಅವನು ಕುರ್ಚಿ ಬದಲಿಸಿದ. ಅಲ್ಲಿಂದ ಅದು ಇನ್ನೂ ನೇರವಾಗಿ ಕಾಣಿಸಿತು. ಒಂದು ದಾರಿ ಇತ್ತು. ಟೆಕ್ಸಾಸನ್ನು ಆರಿಸಿದರೆ ಪ್ರೊಫೆಸರರಿಗೆ ಸಹಿ ಬೇಕಾಗುವುದಿಲ್ಲ, ಸಹಿ ಬೇಡವಾದರೆ ಸುಳ್ಳು ಹೇಳಿದಂತಾಗುವುದಿಲ್ಲ, ನಾಯಿಗಳು ಒಗೆಯುವ ಕಲ್ಲಿನ ಹತ್ತಿರವೇ ಉಳಿಯುತ್ತವೆ. ಸೈಟು ಮಾತ್ರ ಹೋಗುತ್ತದೆ. ಹದಿನೆಂಟು ವರ್ಷ ಕಂತು ಕಟ್ಟಿ ಕೊಂಡ ಸೈಟನ್ನು ಮಾರಿ, ಅದಲ್ಲದೆ ಸಾಲವನ್ನೂ ಮಾಡಿ, ಮೂರು ಸತ್ತ ನಾಯಿಗಳ, ಎರಡು ಬದುಕಿರುವ ನಾಯಿಗಳ ಗುಟ್ಟನ್ನು ಕಾಪಾಡುವುದು. ಲೆಕ್ಕ ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

"ಟೆಕ್ಸಾಸ್ ಒಳ್ಳೇದಲ್ವಾ," ಎಂದ, ಅನ್ನ ಕಲಸುತ್ತ.

ರಶ್ಮಿತಾ ತಟ್ಟೆಯಿಂದ ತಲೆ ಎತ್ತಿದಳು. "ಮೊನ್ನೆ ತನಕ ಡಕೋಟಾ ಡಕೋಟಾ ಅಂತಿದ್ರಿ ಪಪ್ಪ."

"ಅಲ್ಲಿ ಮೈನಸ್ ಮೂವತ್ತು ಅಂತೆ. ಮೂಗು ಉದುರ್ತದಂತೆ."

"ಫೀಸಿಲ್ಲ ಅಂದ್ರೆ ಮೂಗಿಲ್ಲದೆಯೂ ಓದ್ಬಹುದು."

"ಟೆಕ್ಸಾಸಲ್ಲಿ ನಮ್ಮವರು ಇರ್ತಾರೆ. ಇಡ್ಲಿ ಸಿಗ್ತದೆ."

"ಇಡ್ಲಿಗೆ ಸೈಟ್ ಮಾರುದಾ?"

ಪದ್ಮಾಕ್ಷಿ ಮಜ್ಜಿಗೆ ಬಡಿಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು: "ಮಾರುದಾದ್ರೆ ಈಗ್ಲೇ ಹೇಳಿ. ಅಲ್ಲಿ ನಾನು ನೆಟ್ಟ ಕರಿಬೇವಿನ ಗಿಡ ಉಂಟು, ಕಿತ್ತು ತರ್ಲಿಕ್ಕೆ." ಸ್ವಲ್ಪ ತಡೆದು ಮತ್ತೆ ಹೇಳಿದಳು: "ಏನಾದ್ರೂ ಹೇಳ್ಲಿಕ್ಕಿದ್ರೆ ಹೇಳಿಬಿಡಿ. ನಿಮಗೆ ಹೇಳದೆ ಇಟ್ಕೊಂಡ್ರೆ ಎದೆ ಉರಿ ಬರ್ತದೆ, ಆಮೇಲೆ ರಾತ್ರಿಯೆಲ್ಲ ನನಗೆ ನಿದ್ರೆ ಇಲ್ಲ."

ರಶ್ಮಿತಾ ನಗುತ್ತಿದ್ದಳು. ಅವಳಿಗೆ ಇದು ಅಪ್ಪನ ಮಾಮೂಲು ಅಂಜಿಕೆ. "ಪಪ್ಪ, ನೀವು ಯೋಚನೆ ಮಾಡ್ಬೇಡಿ. ಎರಡು ವರ್ಷ ನನ್ನ ಕೆಲಸ ಏನು ಹೇಳಿ. ನಿಮ್ಮ ಪುಸ್ತಕ ಓದೋದು. ಭಾನುವಾರ ಯಾಕೆ ಮಳೆ ಕಡಿಮೆ ಅಂತ ಹುಡುಕೋದು. ಅಲ್ಲಿದ್ರೂ ನಿಮ್ಮ ಜೊತೆಗೇ ಇದ್ದ ಹಾಗೆ." ಆಗ ಧರ್ಮಪಾಲನಿಗೆ ಆ ಊರು ಕಂಡಿತು. ಬಿಳಿಯ ಹಿಮ, ಹಿಮದ ನಡುವೆ ಒಂದು ಕಟ್ಟಡ, ಕಟ್ಟಡದಲ್ಲಿ ಒಂದು ದೀಪ, ದೀಪದ ಕೆಳಗೆ ಚಳಿಯ ಕೋಟು ಹಾಕಿಕೊಂಡ ಮಗಳು. ಅವಳು ಸಾವಿರದೈನೂರು ಭಾನುವಾರಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಾಳೆ. ಮೋಡದಲ್ಲಿ ಹುಡುಕುತ್ತಾಳೆ, ಕಾರಿನ ಹೊಗೆಯಲ್ಲಿ ಹುಡುಕುತ್ತಾಳೆ, ಅರಬ್ಬೀ ಸಮುದ್ರದ ಗಾಳಿಯಲ್ಲಿ ಹುಡುಕುತ್ತಾಳೆ. ವಾರಕ್ಕೊಮ್ಮೆ ಫೋನ್ ಮಾಡಿ, ಇನ್ನೂ ಸಿಕ್ಕಿಲ್ಲ ಪಪ್ಪ, ಅನ್ನುತ್ತಾಳೆ. ಅವನು ಈ ತುದಿಯಲ್ಲಿ ಕೂತು, ಸಿಗ್ತದೆ ಮಗಾ, ಸರಿಯಾಗಿ ಹುಡುಕು, ಅನ್ನುತ್ತಾನೆ. ಅವಳು ಹುಡುಕುತ್ತಿರುವ ವಸ್ತು ಫೋನ್ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿದೆ.

ಸಂಜೆ ಬಂಗಲೆಗೆ ಹೋದಾಗ ಸಾವ್ಕಾರ್ರು ಕ್ಲಬ್ಬಿಗೆ ಹಾಕುವ ಕೋಟು ತೊಟ್ಟು ವರಾಂಡದಲ್ಲಿ ಕಾಯುತ್ತಿದ್ದರು. ಇಂಟರ್‌ನೆಟ್ಟು ಸರಿಯಾಗಿ ಇರುವುದು ಅವರಲ್ಲಿ ಮಾತ್ರ, ಆದ್ದರಿಂದ ಅಮೆರಿಕ ಬರುವುದು ತಮ್ಮ ಮನೆಗೆ ಎಂದು ಅವರು ತಿಳಿದಿದ್ದರು. ಲ್ಯಾಪ್‌ಟಾಪಿನ ಹಿಂದೆ, ಕ್ಯಾಮೆರಾಕ್ಕೆ ಕಾಣದ ಜಾಗದಲ್ಲಿ ಕ್ಲಬ್ಬಿನಲ್ಲಿ ಗೆದ್ದ ಬೆಳ್ಳಿಯ ಕಪ್ಪುಗಳನ್ನು ಸಾಲಾಗಿ ಇಡಿಸಿದ್ದರು; ಅದು ತಪ್ಪೆಂದು ರಶ್ಮಿತಾ ಹೇಳಿದ ಮೇಲೆ ಎಲ್ಲವನ್ನೂ ಈ ಕಡೆಗೆ ತಂದರು. "ನಮ್ಮ ಮಳೆ ಅಮೆರಿಕಕ್ಕೆ ಹೋಗ್ತದೆ ನೋಡು ಧರ್ಮಪಾಲ," ಎಂದರು, ಸಂತೋಷದಿಂದ. "ಕ್ಲಬ್ಬಲ್ಲಿ ಹೇಳಿದೆ. ಯಾರಿಗೂ ಇಷ್ಟ ಆಗ್ಲಿಲ್ಲ." ಈಗಿನ ನಾಯಿಗಳಾದ ಬ್ರೂನೋ ಮತ್ತು ಡಾಲಿ ಅವರ ಕುರ್ಚಿಯ ಬುಡದಲ್ಲಿ ಮಲಗಿದ್ದವು. ನಿನ್ನೆಯಷ್ಟೇ ಮೀಯಿಸಿದ್ದರಿಂದ ಹೊಳೆಯುತ್ತಿದ್ದವು. ಧರ್ಮಪಾಲನಿಗೆ ಕುರ್ಚಿ ಇಟ್ಟಿದ್ದರು. ಈ ಬಂಗಲೆಯಲ್ಲಿ ಸಾವ್ಕಾರ್ರ ಎದುರು ಕುರ್ಚಿಯಲ್ಲಿ ಅವನು ಕೂರುತ್ತಿರುವುದು ಇದೇ ಮೊದಲು. ನಾಲ್ಕನೇ ಕ್ಲಾಸಿನ ಪ್ರಬಂಧ ಹದಿಮೂರು ವರ್ಷ ತಡವಾಗಿ ನಿಜವಾಗುತ್ತಿತ್ತು.

ಪ್ರೊಫೆಸರ್ ಹಾಲ್ವರ್ಸನ್ ಉಣ್ಣೆಯ ಟೊಪ್ಪಿ ಹಾಕಿಕೊಂಡು, ದೊಡ್ಡ ಮಗ್ಗಿನಲ್ಲಿ ಏನನ್ನೋ ಕುಡಿಯುತ್ತ ಕಾಣಿಸಿಕೊಂಡರು. ಹಿಂದಿನ ಕಿಟಕಿಯಲ್ಲಿ ಏಪ್ರಿಲಿನಲ್ಲೂ ಹಿಮ ಇತ್ತು. ಒಳ್ಳೆಯ ಮನುಷ್ಯನ ಮುಖ. ಧರ್ಮಪಾಲನಿಗೆ ಸಂಕಟವಾಯಿತು, ಕೆಟ್ಟ ಮನುಷ್ಯನಾಗಿದ್ದರೆ ಅನುಕೂಲವಿತ್ತು. ಅವರು ನಿಧಾನವಾಗಿ, ಪ್ರತಿ ಮಾತನ್ನೂ ಬೇರೆ ಬೇರೆ ಇಟ್ಟು, ತಮ್ಮ ಮೂವತ್ತೈದು ವರ್ಷದ ನೌಕರಿಯಲ್ಲಿ ಇಂಥ ಪುಸ್ತಕ ನೋಡಿಲ್ಲ, ಇಂಥ ಮನುಷ್ಯನನ್ನು ನೋಡುವುದೇ ಒಂದು ಗೌರವ ಎಂದರು. ಸಾವ್ಕಾರ್ರು ಥ್ಯಾಂಕ್ಯೂ ಅಂದರು. ಆಮೇಲೆ ಪ್ರೊಫೆಸರು ಆ ಸಾಲನ್ನು ಒಮ್ಮೆ ಓದಿ, ಸಹಿ ಹಾಕಿ, ಕ್ಯಾಮೆರಾಕ್ಕೆ ತೋರಿಸಿದರೆ ಸಾಕು ಎಂದರು. ಧರ್ಮಪಾಲ ಜೇಬಿನಿಂದ ಹಾಳೆ ತೆಗೆದ. ಪೆನ್ನು ತೆಗೆದ. ಮೇಜಿನ ಕೆಳಗೆ ಒದ್ದೆಯಾದ ಏನೋ ಅವನ ಎಡಗೈಗೆ ತಾಗಿತು. ಬ್ರೂನೋ. ಭಾನುವಾರ ಮಾತ್ರ ಕಾಣಿಸಿಕೊಳ್ಳುವ ಈ ಕೈ ಸೋಮವಾರ ಯಾಕೆ ಬಂತು ಎಂದು ಮೂಸುತ್ತಿತ್ತು. ಅದು ಅಂಗೈಯನ್ನು ಪೂರ್ತಿ ನೆಕ್ಕಿ, ಸಮಾಧಾನವಾಗಿ, ತಲೆಯನ್ನು ಅವನ ತೊಡೆಯ ಮೇಲಿಟ್ಟಿತು.

"ರಶ್ಮಿ," ಎಂದ ಅವನು. "ನಾನು ಕನ್ನಡದಲ್ಲಿ ಹೇಳ್ತೇನೆ. ನೀನು ಅವರಿಗೆ ಹೇಳು. ಸರಿಯಾಗಿ ಹೇಳು, ಚಂದ ಮಾಡ್ಬೇಡ."

"ಹೇಳಿ ಪಪ್ಪ."

"ಭಾನುವಾರ ನಾನು ಮಳೆ ಅಳೀತಿರ್ಲಿಲ್ಲ."

ಅವಳು ಅಪ್ಪನ ಮುಖ ನೋಡಿದಳು, ಹಾಳೆ ನೋಡಿದಳು. ಆಮೇಲೆ ತೆರೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಅವನಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತಿತ್ತು. ಅವಳು ಚಂದ ಮಾಡಿರಲಿಲ್ಲ.

"ಎರಡು ದಿನದ್ದನ್ನು ಸೋಮವಾರ ಒಟ್ಟಿಗೆ ಅಳೆದು, ಪಾಲು ಮಾಡಿ ಬರೀತಿದ್ದೆ. ಮನಸ್ಸಿಗೆ ಬಂದ ಹಾಗೆ." ಅದೂ ಇಂಗ್ಲಿಷಾಯಿತು. "ಯಾಕೆಂದ್ರೆ ಭಾನುವಾರ ನಾನು ಇಲ್ಲಿಗೆ ಬರ್ತಿದ್ದೆ. ನಾಯಿ ಮೀಯಿಸ್ಲಿಕ್ಕೆ."

"ಎಂಥ?" ಎಂದಳು ರಶ್ಮಿತಾ.

"ನಾಯಿ ಮೀಯಿಸ್ಲಿಕ್ಕೆ. ಕಾಗದ ಪತ್ರ ಎಲ್ಲ ಸುಳ್ಳು. ನಾಯಿ ಮೀಯಿಸ್ಲಿಕ್ಕೆ."

ಸಾವ್ಕಾರ್ರು ಕೋಟಿನ ಗುಂಡಿಯನ್ನು ಹಿಡಿದುಕೊಂಡು ಕೂತಿದ್ದರು. ರಶ್ಮಿತಾ ಅಪ್ಪನ ತೊಡೆಯ ಮೇಲಿದ್ದ ಬ್ರೂನೋನ ತಲೆ ನೋಡಿದಳು. ಆಮೇಲೆ ನಾಯಿಗಳು ಇಂಗ್ಲಿಷಿಗೆ ಹೋದವು. ಧರ್ಮಪಾಲ ಅದನ್ನು ಎರಡನೇ ಸಲ, ಮಗಳ ದನಿಯಲ್ಲಿ, ಬೇರೆಯವರ ಭಾಷೆಯಲ್ಲಿ ಕೇಳಿದ. ಇಪ್ಪತ್ತಾರು ವರ್ಷ ಹೇಳದೆ ಇಟ್ಟದ್ದು ಅಲ್ಲಿ ನಾಲ್ಕೇ ಪದದಲ್ಲಿ ಮುಗಿದುಹೋಯಿತು. ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ. ಬೊಳ್ಳಪ್ಪನ ಡಬ್ಬಿಯನ್ನೂ ಹೇಳಿದ, ಆನೆಯನ್ನೂ ಹೇಳಿದ, ಎರಡು ಸೆಂಟು ಸೇರಿಸುವುದನ್ನೂ ಹೇಳಿದ. ತೆರೆಯ ಮೇಲೆ ಪ್ರೊಫೆಸರು ಬಾಯಿ ಅರ್ಧ ತೆರೆದು, ಮಗ್ಗನ್ನು ಗಲ್ಲದ ಹತ್ತಿರ ಹಿಡಿದು ಅಲ್ಲಾಡದೆ ನಿಂತುಬಿಟ್ಟರು. ಅದು ಇಂಟರ್‌ನೆಟ್ಟು ನಿಂತದ್ದೋ ಮನುಷ್ಯ ನಿಂತದ್ದೋ ಮೂವರಿಗೂ ತಿಳಿಯಲಿಲ್ಲ. ಸಾವ್ಕಾರ್ರು ಎದ್ದು ಹೋಗಿ ಗೋಡೆಯ ಮೇಲಿನ ಪೆಟ್ಟಿಗೆಯನ್ನು ತಟ್ಟಿ ಬಂದರು. ಕೊನೆಗೆ ಮಗ್ಗು ಕೆಳಗಿಳಿಯಿತು. ಪ್ರೊಫೆಸರು ನಗಲಿಕ್ಕೆ ಶುರು ಮಾಡಿ, ನಿಲ್ಲಿಸಿ, ಟೊಪ್ಪಿ ತೆಗೆದು, ಏನೋ ಕೇಳಿದರು.

"ಎಷ್ಟು ನಾಯಿ ಅಂತ ಕೇಳ್ತಿದ್ದಾರೆ," ಎಂದಳು ರಶ್ಮಿತಾ.

"ತ್ರೀ, ಸರ್," ಎಂದ ಧರ್ಮಪಾಲ, ನೇರವಾಗಿ ಅವರಿಗೆ. "ನೌ ಟೂ."

ಪ್ರೊಫೆಸರು ಅದನ್ನು ಬರೆದುಕೊಂಡರು. ಇದು ತಾನೊಬ್ಬನೇ ತೀರ್ಮಾನ ಮಾಡುವ ವಿಷಯವಲ್ಲ, ಸ್ವಲ್ಪ ಹೊತ್ತಿನಲ್ಲಿ ಬರೆಯುತ್ತೇನೆ ಎಂದು ಹೇಳಿ ತೆರೆಯಿಂದ ಹೋದರು. ತೆರೆಯಲ್ಲಿ ಮೂವರ ಮುಖ ಮಾತ್ರ ಉಳಿಯಿತು. ಧರ್ಮಪಾಲ ಬೈಗಳಿಗೆ ಕಾದು ಕೂತ. ಸಾವ್ಕಾರ್ರು ಮೆಲ್ಲಗೆ, ವೈದ್ಯರ ಹತ್ತಿರ ಕೇಳುವ ಹಾಗೆ ಕೇಳಿದರು:

"ಧರ್ಮಪಾಲ, ಎರಡು ಸಾವಿರದ ಹನ್ನೊಂದರಲ್ಲಿ ಕಾಫಿ ಹೂ ಅರಳಿಸಿದ ಆ ಹೂಮಳೆ? ನಮ್ಮಲ್ಲಿ ಒಂದು ಇಂಚು ಇಪ್ಪತ್ತು. ಇಡೀ ಕ್ಲಬ್ಬಲ್ಲಿ ನಮ್ಮದೇ ಜಾಸ್ತಿ."

"ಅದು ಎರಡು ದಿನದ್ದು ಸಾರ್. ನೀವು ಅಷ್ಟು ಆಸೆಯಿಂದ ಕೇಳಿದ್ರಿ, ಒಂದೇ ದಿನಕ್ಕೆ ಬರೆದೆ."

ಸಾವ್ಕಾರ್ರು ಎದ್ದು ಕೋಟು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು. ಸಾಲಾಗಿಟ್ಟ ಕಪ್ಪುಗಳಲ್ಲಿ ಒಂದನ್ನು ಕೈಗೆತ್ತಿಕೊಂಡು, ಅದರ ಮೇಲಿನ ಬರಹ ಓದಿ, ಗೋಡೆಯ ಕಡೆ ಮುಖ ಮಾಡಿ ಇಟ್ಟರು. ನಾಯಿಯ ವಿಷಯ ಅವರಿಗೆ ಕೇಳಿಸಿಯೇ ಇರಲಿಲ್ಲವೇನೋ. "ಭಾನುವಾರ ಬಾ," ಎಂದರು ಅಷ್ಟೇ. "ಡಾಲಿಗೆ ಉಣ್ಣಿ ಆಗಿದೆ."

ಮನೆಯ ದಾರಿಯಲ್ಲಿ ಮಗಳು ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಇನ್ನೂ ಬೆಳಕಿತ್ತು, ಸಿಲ್ವರ್ ಮರಗಳ ಮೇಲೆ ಮೆಣಸಿನ ಬಳ್ಳಿ ಒದ್ದೆಯಾಗಿ ಹೊಳೆಯುತ್ತಿತ್ತು. ತಾನು ಅವಳ ಸೊನ್ನೆಯನ್ನು ತೆಗೆದುಕೊಂಡೆ ಎಂದು ಧರ್ಮಪಾಲ ಯೋಚಿಸುತ್ತಿದ್ದ. ಕಣ್ಣು ಬಾಯಿ ಇದ್ದ ಸೊನ್ನೆ. ಬದಲಿಗೆ ಏನು ಕೊಟ್ಟೆ? ನಾಯಿ. ಸೈಟಿಗೆ ಯಾರನ್ನು ಕೇಳಬೇಕು, ಕರಿಬೇವಿನ ಗಿಡ ಕೀಳಲಿಕ್ಕೆ ಯಾವ ಗುದ್ದಲಿ ಒಯ್ಯಬೇಕು ಎಂಬಲ್ಲಿಗೆ ಬಂದಾಗ, ಸಿಗ್ನಲ್ ಸಿಗುವ ತಿರುವಿನಲ್ಲಿ ಮಗಳ ಫೋನು ಸದ್ದು ಮಾಡಿತು. ಅವಳು ನಿಂತು ಓದಿದಳು. ಕೆಳಗಿನವರೆಗೆ ಓದಿ ಮತ್ತೆ ಮೇಲಿನಿಂದ ಓದಿದಳು.

"ವಿಷಯ ಬದಲಿಸ್ತಾರಂತೆ," ಎಂದಳು. "ಏಳು ದಿನದ ಲಯ ಇಲ್ಲ. ಹೊಸ ವಿಷಯ, ಮಳೆ ಪುಸ್ತಕಗಳಲ್ಲಿ ಅಳೆಯುವವನು ಎಲ್ಲಿ ತಪ್ಪಿದ್ದಾನೆ ಅಂತ ಪುಸ್ತಕದಿಂದಲೇ ಕಂಡುಹಿಡಿಯೋದು ಹೇಗೆ. ಎಲ್ಲ ದೇಶದಲ್ಲೂ ಇಂಥ ಪುಸ್ತಕ ಉಂಟಂತೆ. ತಪ್ಪಿದ್ದು ಯಾಕೆ ಅಂತ ಯಾರೂ ಒಪ್ಪಿಕೊಂಡದ್ದಿಲ್ಲವಂತೆ. ನೀವೇ ಮೊದಲಂತೆ."

"ಫೀಸು?"

"ಸೊನ್ನೆ. ಆದ್ರೆ ಒಂದು ಪಟ್ಟಿ ಬೇಕಂತೆ. ಯಾವ್ಯಾವ ಭಾನುವಾರ ಅಳೆಯಲಿಲ್ಲ, ಯಾಕೆ ಅಳೆಯಲಿಲ್ಲ. ನೆನಪಿದ್ದಷ್ಟು. ಹದಿನೈದಕ್ಕೆ ಮುಂಚೆ."

ಅವಳು ಅಲ್ಲೇ ನಿಂತು, ಫೋನಿನಲ್ಲಿ ಎರಡು ಕಡೆ ಒತ್ತಿ, ಒಪ್ಪಿಗೆ ಎಂದು ಕಳಿಸಿಬಿಟ್ಟಳು. ಎಂಟು ತಿಂಗಳ ಪಟ್ಟಿ, ಹಾಳೆ, ಲೆಕ್ಕ ಎಲ್ಲ ಕಾಫಿ ತೋಟದ ತಿರುವಿನಲ್ಲಿ ಮುಗಿಯಿತು. ಎರಡು ವರ್ಷ ಮಗಳು ಹಿಮದಲ್ಲಿ ಕೂತು ತನ್ನ ಸುಳ್ಳನ್ನೇ ಓದುತ್ತಾಳೆ, ಅದಕ್ಕೆ ಅಮೆರಿಕದವರು ಸಂಬಳ ಕೊಡುತ್ತಾರೆ. ಧರ್ಮಪಾಲನಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ರಶ್ಮಿತಾ ಮೋರಿಯ ಕಟ್ಟೆಯ ಮೇಲೆ ಕೂತು, ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಮೊಣಕಾಲ ಮೇಲಿಟ್ಟು, ಸ್ಕೇಲ್ ಇಲ್ಲದೆ ಸೊಟ್ಟಗೆ ಮೂರು ಗೆರೆ ಎಳೆದಳು. ತಾರೀಕು, ಮಳೆ, ಕಾರಣ. ಅವಳ ದನಿಯಲ್ಲಿ ಸಿಟ್ಟಿಲ್ಲ ಎಂದು ಅವನಿಗೆ ಅನ್ನಿಸಿತು. ಇದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು.

"ನಾಯಿಗಳ ಹೆಸರು ಹೇಳಿ."

"ಅದೆಲ್ಲ ಬೇಕಾ?"

"ಬೇಕು."

"ಟೈಗರ್, ರಾಣಿ, ಮೇಜರ್. ತೊಂಬತ್ತೊಂಬತ್ತರ ನವೆಂಬರಿಂದ. ಟೈಗರ್ ಪಾಪದ್ದು, ಬಕೆಟ್ ನೋಡಿದ್ರೇ ಬಂದು ನಿಲ್ತಿತ್ತು. ಮೇಜರಿಗೆ ಕಿವಿ. ಕಿವಿಗೆ ನೀರು ಹೋದ್ರೆ ಕಚ್ತಿತ್ತು." ಅವನು ಎಡಗೈಯ ಹೆಬ್ಬೆರಳಿನ ಬುಡದ ಕಲೆ ತೋರಿಸಿದ. ಮನೆಯಲ್ಲಿ ಅದು ಕತ್ತಿ ತಾಗಿದ್ದಾಗಿತ್ತು. ಅವಳು ಬರೆದುಕೊಂಡಳು. "ರಾಣಿ ಎರಡು ಸಾವಿರದ ಹತ್ತರಲ್ಲಿ ಹೋಯ್ತು. ಟೈಗರ್ ಮರುವರ್ಷ. ಮೇಜರ್ ಮಾತ್ರ ಹದಿನಾಲ್ಕರವರೆಗೆ ಎಳೆದುಕೊಂಡು ಬಂತು. ಬ್ರೂನೋ, ಡಾಲಿ ಬಂದದ್ದು ಹದಿನಾರರ ಮಳೆಗಾಲ ಮುಗಿದ ಮೇಲೆ."

ಪೆನ್ನು ನಿಂತಿತು. "ಹದಿನಾಲ್ಕರಿಂದ ಹದಿನಾರರ ತನಕ?"

"ನಾಯಿ ಇರ್ಲಿಲ್ಲ."

"ಆದ್ರೆ ಆಗಲೂ ಭಾನುವಾರ ಕಡಿಮೆಯೇ ಉಂಟು ಪಪ್ಪ. ನಾನು ನೋಡಿದ್ದೇನೆ. ಎರಡು ವರ್ಷವೂ ಹಾಗೇ ಉಂಟು."

ರಸ್ತೆಯಾಚೆ ಯಾರದೋ ತೋಟದಲ್ಲಿ ಕೆಲಸ ಬಿಟ್ಟ ಹೆಂಗಸರು ಮಲಯಾಳದಲ್ಲಿ ಏನೋ ಹೇಳಿ ನಗುತ್ತ ಹೋದರು. ಅವರು ಮರೆಯಾಗುವ ತನಕ ಅವನು ಕಾದ.

"ಮನೆಯಲ್ಲಿ ಹೇಳಿ ಆಗಿತ್ತಲ್ಲ, ಭಾನುವಾರ ಬಂಗಲೆಯಲ್ಲಿ ಕೆಲಸ ಅಂತ," ಎಂದ. "ಇದ್ದಕ್ಕಿದ್ದ ಹಾಗೆ ಕೆಲಸ ಇಲ್ಲ ಅಂದ್ರೆ ನೀನು ಯಾಕೆ ಅಂತ ಕೇಳ್ತಿದ್ದಿ. ಆಗ ನಿನಗೆ ಹನ್ನೊಂದು ವರ್ಷ, ಎಲ್ಲದಕ್ಕೂ ಯಾಕೆ. ಅದಕ್ಕೆ ಏಳೂವರೆಗೆ ಹೊರಡ್ತಿದ್ದೆ. ಬಂಗಲೆಯ ಹಿಂದೆ ಹೋಗಿ ಒಗೆಯೋ ಕಲ್ಲಿನ ಹತ್ರ ನಿಲ್ತಿದ್ದೆ. ಹತ್ತು ಗಂಟೆ ಆಗ್ಲಿ ಅಂತ. ಅಲ್ಲಿಂದ ರೈನ್‌ಗೇಜು ಕಾಣ್ತದೆ. ನೂರು ಹೆಜ್ಜೆ ಇಲ್ಲ."

"ಮತ್ತೆ ಹೋಗಿ ಅಳೀಬಹುದಿತ್ತಲ್ಲ."

"ಬಹುದಿತ್ತು."

ಅವಳು ನೋಟ್‌ಬುಕ್ಕಿನ ಮೇಲೆ ಬಗ್ಗಿದಳು. 'ಕಾರಣ' ಎಂಬ ಸಾಲಿನಲ್ಲಿ 'ನಾಯಿ ಇಲ್ಲ' ಎಂದು ಬರೆದಳು. ನೋಡಿದಳು. ಅದನ್ನು ಹೊಡೆದು ಹಾಕಲಿಲ್ಲ. ಅದರ ಕೆಳಗೆ, ಜಾಗ ಸಾಲದೆ ಸಣ್ಣ ಅಕ್ಷರದಲ್ಲಿ, 'ಅಪ್ಪ ಹೋಗಿದ್ದರು' ಎಂದು ಸೇರಿಸಿದಳು. ಆಮೇಲೆ ಮುಂದಿನ ಭಾನುವಾರದ ತಾರೀಕು ಬರೆದು, ಅದರ ಎದುರಿಗೂ ಅದನ್ನೇ ಬರೆದಳು. ಅದರ ಮುಂದಿನದಕ್ಕೂ. ನೂರು ಭಾನುವಾರಗಳಿಗಿಂತ ಹೆಚ್ಚಿದ್ದವು. ಧರ್ಮಪಾಲ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತು ಒಂದೊಂದಾಗಿ ತಾರೀಕು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು.